ನನ್ನ ಪಾಲಿನ ‘ಬಹುದು’

ಮೇಷ್ಟ್ರೇ,

ನಿಮ್ಮ ಇಂಗ್ಲಿಷ್ ತರಗತಿಗೆ ಬರುವ ನರ್ಸ್ ಇವತ್ತು ಮನೆಗೆ ಬಂದಿದ್ದರು. “ಸರ್ ತಿದ್ದಿಕೊಡ್ತೀನಿ ಅಂದಿದ್ರು ಅಕ್ಕಾ,” ಎಂದು ನೋಟ್‌ಬುಕ್ ಕೊಟ್ಟುಹೋದರು. ನಾನು ತೆರೆದು ನೋಡಿದೆ.

ಉದಾಹರಣೆಗಳೆಲ್ಲ ನಿಮ್ಮ ಕೈಬರಹದಲ್ಲೇ ಇವೆ. ‘ಐ ಕ್ಯಾನ್ ಗಿವ್ ಯೂ ಮೈ ಸಂಡೇ.’ ಅಂದರೆ, ನನ್ನ ಭಾನುವಾರ ನಿನಗೆ ಕೊಡಬಲ್ಲೆ. ‘ಐ ವುಡ್ ಗಿವ್ ಯೂ ಎನಿಥಿಂಗ್.’ ಏನು ಬೇಕಾದರೂ ಕೊಟ್ಟೇನು.

ಅಮ್ಮನನ್ನು ನೋಡಿಬರಲು ನಾನು ಒಂದು ಭಾನುವಾರ ಕೇಳಿದಾಗ “ಕೊಡಬಹುದು, ನೋಡೋಣ” ಎಂದಿರಿ. ಮದುವೆಯಾದ ಹನ್ನೊಂದು ವರ್ಷದಿಂದ ನನಗೆ ಬರೀ ‘ಬಹುದು’. ವ್ಯಾಕರಣಕ್ಕೆ ಯಾರಾದರೂ ಹೊಟ್ಟೆ ಉರಿದುಕೊಳ್ಳುತ್ತಾರಾ ಎಂದು ನಗಬೇಡಿ.

ಆ ಎರಡೂ ವಾಕ್ಯಗಳಲ್ಲಿ ‘ಮಸ್ಟ್ ನಾಟ್’, ಅಂದರೆ ‘ಕೊಡಕೂಡದು’, ಎಂದು ನಾನೇ ತಿದ್ದಿದ್ದೇನೆ. ಅಮ್ಮನ ಮನೆಗೆ ಒಬ್ಬಳೇ ಹೊರಟಿದ್ದೇನೆ. ಸೋಮವಾರದಿಂದ ತರಗತಿಗೆ ಬರುತ್ತೇನೆ. ಮುಂದಿನ ಬೆಂಚಿನಲ್ಲಿ, ಆ ನರ್ಸ್ ಪಕ್ಕದಲ್ಲೇ, ನನಗೆ ಜಾಗ ಇಟ್ಟಿರಿ.

ಇಂತಿ,
ನಿಮ್ಮ ಹೊಸ ವಿದ್ಯಾರ್ಥಿನಿ