ಎಡ್ಗರ್, ಯೋಹಾನ್ ಮತ್ತು ನನ್ನ ಮೊಮ್ಮಗು

ಸೊಮ್ ನದಿಯ ದಂಡೆ,
ಮಣ್ಣಿನ ವರ್ಷ 311, ಹದಿಮೂರನೆಯ ತಿಂಗಳ ಎರಡನೆಯ ದಿನ

ಯುದ್ಧ ಇನ್ನೂ ನಡೆಯುತ್ತಿರುವ ಕಾಲದ ಹಿರಿಯರಿಗೆ ಓಟ್ಟವ್ವನ ನಮಸ್ಕಾರ. ಹದಿಮೂರನೆಯ ತಿಂಗಳು ಎಲ್ಲಿಂದ ಬಂತೆಂದು ಗಾಬರಿಯಾಗಬೇಡಿ, ನಮಗೆ ಅದೊಂದು ಹೆಚ್ಚಿಗೆ ಇದೆ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಯುದ್ಧ ಎಂಬ ಪದವನ್ನೇ ಹಳೆಯ ಪುಸ್ತಕ ನೋಡಿ ಬರೆಯುತ್ತಿದ್ದೇನೆ.

ನಮ್ಮ ಪೂರ್ವಿಕರು ಬೀಟ್‌ರೂಟ್ ಬೆಳೆಯಲು ಕನ್ನಡ ನಾಡಿನಿಂದ ಇಲ್ಲಿಗೆ ಬಂದವರು. ಇಲ್ಲಿ ನೇಗಿಲು ಹೂಡಿದರೆ ಇಂದಿಗೂ ನಿಮ್ಮ ಕಾಲದ ಯುದ್ಧದಲ್ಲಿ ಸತ್ತವರ ಮೂಳೆ ಏಳುತ್ತದೆ. ಜೊತೆಗೆ ಹೆಸರು ಕೊರೆದ ಕೊರಳ ಬಿಲ್ಲೆ. ಅದಕ್ಕೆ ನಾವು ಮಣ್ಣೆದ್ದ ಹೆಸರು ಅನ್ನುತ್ತೇವೆ. ಕೂಸು ಹುಟ್ಟುವ ಹೊತ್ತಿಗೆ ಯಾವ ಹೆಸರು ಸಿಕ್ಕಿತೋ ಅದೇ ಕೂಸಿಗೆ, ಹೆಣ್ಣಾಗಲಿ ಗಂಡಾಗಲಿ. ಯಾವನೋ ಓಟ್ಟೋನಿಂದ ನಾನು ಓಟ್ಟವ್ವನಾದೆ. ನಗಬೇಡಿ! ತೊಟ್ಟಿಲಿಗೆ ಹಾಕುವಾಗ ಅಜ್ಜಿಯಾದವಳು ಕೂಸಿನ ಕಿವಿಯಲ್ಲಿ, "ನಿನ್ನ ಕೊಂದರು, ಈಗ ಹೆದರಬ್ಯಾಡ, ಬದುಕು" ಎನ್ನಬೇಕು.

ಕಳೆದ ವಾರ ನನ್ನ ಮಗಳು ಕಾರ್ಲವ್ವ ಹೆತ್ತಳು. ಅದೇ ದಿನ ನಮ್ಮ ಹೊಲದ ಒಂದೇ ಗುಂಡಿಯಲ್ಲಿ ಇಬ್ಬರು ಸಿಕ್ಕರು, ಬಿಲ್ಲೆಗಳಲ್ಲಿ ಎಡ್ಗರ್, ಯೋಹಾನ್ ಎಂದಿತ್ತು. ಎಡ್ಗರನ ಕೈಮೂಳೆಯಲ್ಲಿ ತುಕ್ಕು ಹಿಡಿದ ಚೂರಿ, ಅದರ ತುದಿ ಯೋಹಾನನ ಪಕ್ಕೆಲುಬಿನಲ್ಲಿ. ಇರಿದವನ ಮೇಲೂ ಮಣ್ಣು ಕುಸಿದಿತ್ತು. ಇಬ್ಬರ ಸೊಂಟದ ಮೂಳೆಯ ಪಕ್ಕದಲ್ಲೂ ಊಟದ ಚಮಚ.

ಅಯ್ಯೋ, ನನ್ನ ತಲೆ ಮೊಸರು ಗಡಿಗೆಯಾಗಿದೆ. ಕೊಂದರು, ಕೊಂದರು ಎಂದು ಇಷ್ಟು ವರ್ಷ ಹೇಳಿದೆವು. ಯಾರು ಕೊಂದರೆಂದು ಒಬ್ಬರೂ ಕೇಳಲಿಲ್ಲವಲ್ಲ! ಎಲ್ಲಿಂದಲೋ ರಕ್ಕಸರು ಬಂದರೆಂದು ತಿಳಿದಿದ್ದೆವು, ಎಂಥ ಪೆದ್ದರು ನಾವು. ನನ್ನ ಓಟ್ಟೋ ಎಷ್ಟು ಜನರನ್ನು ಇರಿದಿದ್ದನೋ. ಒಬ್ಬರನ್ನೊಬ್ಬರು ನೋಡಿಯೇ ಇರದವರಿಗೆ ಅಂಥ ಸಿಟ್ಟು ಎಲ್ಲಿಂದ ಬಂತು? ನನಗಂತೂ ತಿಳಿಯುತ್ತಿಲ್ಲ.

ನಾಳಿದ್ದು ತೊಟ್ಟಿಲು. ಯೋಹಾನನ ಹೆಸರಿಡೋಣ, ಪಾಪ, ಅವನು ಇರಿತಕ್ಕೆ ಸತ್ತವನು ಎಂದೆ. ಬಾಣಂತಿ ಅತ್ತುಬಿಟ್ಟಳು. "ಹಂಗಾರ ಎಡ್ಗರ್ ಎಲ್ಲಿಗೆ ಹೋಗಬೇಕವ್ವಾ? ಅವನೂ ಯಾರದೋ ಕೂಸಲ್ಲೇನು?"

ರಾತ್ರಿ ಹಗಲು ಯೋಚಿಸಿದೆ. ಎಡ್ಗರ್ ಎಂದೇ ಕರೆಯುತ್ತೇನೆ. ಕಿವಿಯಲ್ಲಿ ಮಾತ್ರ, "ನಿನ್ನ ಕೈಗೆ ಚೂರಿ ಕೊಟ್ಟಿದ್ದರು, ಈಗ ಬಿಡು, ಬದುಕು" ಎನ್ನುತ್ತೇನೆ. ಸರಿಯೋ ತಪ್ಪೋ ಗೊತ್ತಿಲ್ಲ. ಯೋಹಾನನ ಬಿಲ್ಲೆ, ಕೂಸು ಸಿಗದೆ ಉಳಿದ ಹೆಸರುಗಳ ಪೆಟ್ಟಿಗೆ ಸೇರುತ್ತದೆ. ಅಂಥ ಪೆಟ್ಟಿಗೆಗಳು ಒಂದು ಕೋಣೆ ತುಂಬ ಇವೆ, ಊರಲ್ಲಿ ವರ್ಷಕ್ಕೆ ಹುಟ್ಟುವುದು ಮೂರೋ ನಾಲ್ಕೋ ಕೂಸು.

ನಿಮಗೆ ಕೈ ಮುಗಿಯುತ್ತೇನೆ, ಇನ್ನು ಮಣ್ಣಿಗೆ ಹೆಸರು ಕಳಿಸಬೇಡಿ. ಇಷ್ಟು ಮಕ್ಕಳನ್ನು ನಾವು ಹೇಗೆ ಹೆರೋಣ?