ನಾನು ಓದದೆ ಬಿಟ್ಟಿದ್ದ ಅಧ್ಯಾಯ

ಪುಣೆ
೧೪ ನವೆಂಬರ್ ೨೦೨೫, ಶುಕ್ರವಾರ

ಶ್ರದ್ಧಾಳ ಅಪ್ಪನಿಗೆ ಸ್ವರ್ಣಲತಾ ಮಾಡುವ ನಮಸ್ಕಾರಗಳು.

ಪಾಸಾದೆ! ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಬರೆಯಲು ಕೈ ಕೇಳುವುದಿಲ್ಲ. ಷೇರುಪೇಟೆಯ ಡೆರಿವೇಟಿವ್ಸ್ ಪರೀಕ್ಷೆ, ನೂರಕ್ಕೆ ಅರವತ್ತೆಂಟೂವರೆ. ನಲವತ್ತೇಳನೇ ವಯಸ್ಸಿನಲ್ಲಿ! ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀವು "ಒಳ್ಳೇದಾಯ್ತು" ಎಂದು ಇಟ್ಟುಬಿಡುತ್ತೀರಿ. ನಾನು ಹೇಳಬೇಕಾದ್ದು ಅಷ್ಟಕ್ಕೆ ಮುಗಿಯುವುದಿಲ್ಲ.

ಸ್ವಾರಗೇಟಿನ ಹತ್ತಿರ ನನಗೆ ಕೆಲಸ ಸಿಕ್ಕಿದ್ದು ಶ್ರದ್ಧಾ ನಿಮಗೆ ಹೇಳಿರಬೇಕು. ಅದು ಷೇರು ಬ್ರೋಕರ್ ಆಫೀಸು ಎಂಬುದನ್ನು ಮಾತ್ರ ಹೇಳಕೂಡದೆಂದು ಅವಳಿಗೆ ತಾಕೀತು ಮಾಡಿದ್ದೆ. ನಮ್ಮ ಭೋಸರಿಯ ಹೋಟೆಲನ್ನು ನುಂಗಿದ ವ್ಯವಹಾರದ ಬಾಗಿಲಲ್ಲೇ ಹೋಗಿ ಕೂತಿದ್ದೇನೆಂದರೆ ನಿಮಗೆ ಹೇಗಾಗಬಹುದೆಂದು ಹೆದರಿದ್ದೆ. ಮೊದಲು ಅರ್ಜಿಗಳಿಗೆ ಸಹಿ ಹಾಕಿಸುವ ಕೆಲಸ. ಪರೀಕ್ಷೆ ಪಾಸಾದರೆ ಗ್ರಾಹಕರ ಜೊತೆ ಮಾತಾಡುವ ಕುರ್ಚಿ ಎಂದರು. ಪುಸ್ತಕ ತಂದೆ.

ಫ್ಯೂಚರ್ಸ್ ಅರ್ಥವಾಯಿತು, ಮಾರ್ಜಿನ್ ಕೂಡ ಒದ್ದಾಡಿ ಅರ್ಥವಾಯಿತು. ಆದರೆ ಆಪ್ಷನ್ ಮಾರುವವರ ಅಧ್ಯಾಯ ತೆರೆದರೆ ಸಾಕು, ಗಲ್ಲೆಯ ಹಿಂದೆ ಮೊಬೈಲ್ ಹಿಡಿದು ಕೂತ ನೀವೇ ಕಣ್ಣಿಗೆ ಬರುತ್ತಿದ್ದಿರಿ. ಸಿಟ್ಟು ಬಂದು ಪುಸ್ತಕ ಮುಚ್ಚುತ್ತಿದ್ದೆ. ಆ ಒಂದು ಅಧ್ಯಾಯ ಬಿಟ್ಟೇ ಆಗಸ್ಟಿನಲ್ಲಿ ಪರೀಕ್ಷೆಗೆ ಹೋದೆ. ಪಾಸಾಗಲು ಅರವತ್ತು ಬೇಕು, ಐವತ್ತೊಂದು ಬಂತು. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿಯುತ್ತಾರೆ, ಅಂದಾಜಿನಲ್ಲಿ ಒತ್ತಿದ್ದೆಲ್ಲ ನನಗೇ ತಿರುಗಿತು.

ನಮ್ಮ ಆಫೀಸಿನಲ್ಲಿ ಚನ್ನವೀರ ಎಂಬವರು ಇದ್ದಾರೆ, ಧಾರವಾಡದ ಕಡೆಯವರು. ಊಟದ ಹೊತ್ತಿಗೆ ನನ್ನ ಪುಸ್ತಕ ತಿರುವಿ ನೋಡಿದರು. ಎಲ್ಲ ಪುಟಕ್ಕೂ ಗೆರೆ ಎಳೆದಿದ್ದೆ, ಆ ಅಧ್ಯಾಯ ಮಾತ್ರ ಹೊಚ್ಚ ಹೊಸತು.

"ಅಕ್ಕಾರ, ಇದನ್ನ ಯಾಕ ಬಿಟ್ಟೀರಿ? ಭಾಳ ಸರಳ ಅದ ರೀ. ಬಾಯಿಪಾಠ ಮಾಡಬ್ಯಾಡ್ರಿ. ಹಕ್ಕು ಯಾರ ಕೈಯಾಗ ಅದ, ಹೊಣಿ ಯಾರ ತಲಿ ಮ್ಯಾಲ ಅದ, ಅಷ್ಟ ನೋಡ್ರಿ" ಎಂದರು.

ಒಂದು ಷೇರನ್ನು ಐನೂರಕ್ಕೆ ಕೊಡುತ್ತೇನೆಂದು ಹನ್ನೆರಡು ರೂಪಾಯಿ ಪಡೆದು ಮಾತು ಕೊಟ್ಟವನು ಕಾಲ್ ಆಪ್ಷನ್ ಮಾರಿದವನು. ಕೊಂಡವನು ಬೇಕಾದರೆ ಕೇಳುತ್ತಾನೆ, ಬೇಡವಾದರೆ ಸುಮ್ಮನಿರುತ್ತಾನೆ. ಅವನ ನಷ್ಟ ಹನ್ನೆರಡೇ. ಮಾತು ಕೊಟ್ಟವನಿಗೆ ಹಿಂದೆ ಸರಿಯುವ ಹಕ್ಕಿಲ್ಲ. ಬೆಲೆ ಎಷ್ಟು ಏರುತ್ತದೋ ಅಷ್ಟೂ ಅವನ ತಲೆಗೆ. ಚನ್ನವೀರರು ಊಟದ ಬಿಲ್ಲಿನ ಹಿಂದೆ ಮಾರಿದವನ ಲಾಭ-ನಷ್ಟದ ಗೆರೆ ಎಳೆದು ತೋರಿಸಿದರು. ಸ್ವಲ್ಪ ದೂರ ನೆಟ್ಟಗೆ, ಆಮೇಲೆ ಕೆಳಗೆ, ಕಾಗದದಿಂದಾಚೆ.

ಅವತ್ತು ಮನೆಗೆ ಬಂದು ಕಪಾಟಿನಿಂದ ನಿಮ್ಮ ಷೇರು ವ್ಯವಹಾರದ ಫೈಲು ತೆಗೆದೆ. ಎರಡು ವರ್ಷ ಅದನ್ನು ಮುಟ್ಟಿರಲಿಲ್ಲ. ಈಗ ಒಂದೊಂದು ಸಾಲೂ ಓದಲು ಬರುತ್ತಿತ್ತು! ಪರೀಕ್ಷೆಗೆ ಓದುತ್ತಿದ್ದೇನೆಂಬುದೇ ಮರೆತುಹೋಯಿತು. ಕೊನೆಯ ದಿನದ ಹಾಳೆಯಲ್ಲಿ ನೀವು ಮಾರಿದ್ದನ್ನೆಲ್ಲ ವಾಪಸ್ ಕೊಂಡು ಹೊಣೆ ಕಳಚಿಕೊಂಡ ಸಮಯ ಇತ್ತು: ಬೆಳಿಗ್ಗೆ ಹತ್ತು ನಲವತ್ತೆರಡು. ಮರುದಿನ ಆಫೀಸಿನ ಕಂಪ್ಯೂಟರಿನಲ್ಲಿ ಆ ಆಪ್ಷನ್‌ಗಳ ಅವತ್ತಿನ ಬೆಲೆ ತೆಗೆದು ನೋಡಿದೆ. ಸಂಜೆಗೆ ಮೂರು ಪಟ್ಟು ಏರಿತ್ತು. ನೀವು ಸಂಜೆಯ ತನಕ ಕಾದಿದ್ದರೆ ಈ ಮನೆಯೂ ಉಳಿಯುತ್ತಿರಲಿಲ್ಲ.

ಅವತ್ತು ನೀವು ನನ್ನ ಮುಂದೆ ನಿಂತು, "ನಿಲ್ಲಿಸಿದ್ದೇನೆ ಮಾರಾಯ್ತಿ, ಇನ್ನು ಹೋಗುವುದಿಲ್ಲ" ಎಂದಿರಿ. "ಎಲ್ಲ ಹೋದ ಮೇಲೆ ಎಂತ ನಿಲ್ಲಿಸುವುದು? ಕಾರ್ಕಳಕ್ಕೆ ನಿಮ್ಮ ಅಣ್ಣನ ಮನೆಗೆ ಹೋಗಿ" ಎಂದೆ ನಾನು. ಎಲ್ಲ ಹೋಗಿರಲಿಲ್ಲ. ನಷ್ಟ ಒಪ್ಪಿಕೊಂಡು ನಿಲ್ಲಿಸುವುದು ಎಷ್ಟು ಕಷ್ಟ ಎಂದು ಈಗ ದಿನವೂ ನೋಡುತ್ತಿದ್ದೇನೆ. ದೊಡ್ಡ ದೊಡ್ಡವರಿಗೇ ಆಗುವುದಿಲ್ಲ. ನಿಮ್ಮನ್ನು ಜೂಜುಕೋರ ಎಂದಿದ್ದೆ, ಆ ಮಾತು ತಪ್ಪು. ಎಂಟು ತಿಂಗಳು ನನ್ನಿಂದ ಮುಚ್ಚಿಟ್ಟದ್ದು ಮಾತ್ರ ನಿಮ್ಮ ತಪ್ಪೇ, ಅದನ್ನು ನಾನು ಅಳಿಸುವುದಿಲ್ಲ.

ಆಮೇಲೆ ಓದು ಹೇಗೆ ಓಡಿತೆನ್ನುತ್ತೀರಿ! ಅನ್ನ ಬಸಿಯುವಾಗ ಬ್ರೇಕ್‌ಈವನ್ ಲೆಕ್ಕ, ಬಸ್ಸಿನಲ್ಲಿ ಪುಟ್ ಮತ್ತು ಕಾಲ್. ಶ್ರದ್ಧಾ ಪ್ರಶ್ನೆ ಕೇಳುವುದು, ನಾನು ತರಕಾರಿ ಹೆಚ್ಚುತ್ತ ಉತ್ತರಿಸುವುದು. "ಅಮ್ಮ, ನೀನು ನನ್ನ ಇಂಜಿನಿಯರಿಂಗ್ ಪರೀಕ್ಷೆಯನ್ನೂ ಬರೆದುಬಿಡು" ಎಂದು ನಗುತ್ತಿದ್ದಳು.

ಇವತ್ತು ಕಂಪ್ಯೂಟರಿನ ಮೇಲೆ ಎಂಟನೇ ಪ್ರಶ್ನೆಯೇ ಅದು. ಕಾಲ್ ಆಪ್ಷನ್ ಮಾರಿದವನ ಗರಿಷ್ಠ ನಷ್ಟ ಎಷ್ಟು? ಮಿತಿಯಿಲ್ಲ ಎಂಬ ಉತ್ತರವನ್ನು ಎರಡು ಸಲ ಓದಿ ಒತ್ತಿದೆ. ಕೊನೆಗೆ ಪರದೆಯ ಮೇಲೆ ಅಂಕ ಬಂದದ್ದೇ "ಅಯ್ಯೋ ದೇವರೇ!" ಎಂದು ಕೂಗಿಬಿಟ್ಟೆ. ಮೇಲ್ವಿಚಾರಕಿ ಹುಡುಗಿ ಓಡಿ ಬಂದು "ಕಾಕೂ, ಹಳೂ ಹಳೂ!" ಎಂದು ದನಿ ತಗ್ಗಿಸಲು ಹೇಳಿ ಗದರಿದಳು. ಅಂಕ ನೋಡಿ ಅವಳೇ ನನ್ನ ಕೈ ಕುಲುಕಿದಳು.

ಸೋಮವಾರ ಆ ಕುರ್ಚಿಯಲ್ಲಿ ಕೂರುತ್ತೇನೆ. ಆಪ್ಷನ್ ಮಾರಿ ದಿನವೂ ಸಂಪಾದಿಸುತ್ತೇನೆಂದು ಯಾರಾದರೂ ಬಂದರೆ, ಮೊದಲು ಆ ಗೆರೆ ಎಳೆದು ತೋರಿಸುವುದು, ಆಮೇಲೆ ಅರ್ಜಿ. ನಿಮಗೆ ಹಾಗೆ ಯಾರೂ ತೋರಿಸಲಿಲ್ಲವಲ್ಲ.

ಇಂತಿ,
ನಿಮ್ಮ ಸ್ವರ್ಣ

ತಾ.ಕ.: ಲಕೋಟೆಯ ಮೇಲಿನ ವಿಳಾಸ ನೀಲಿ ಶಾಯಿಯಲ್ಲಿ, ಕಾಗದ ಕಪ್ಪು ಶಾಯಿಯಲ್ಲಿ ಇರುವುದು ನೋಡಿ ಆಶ್ಚರ್ಯಪಡಬೇಡಿ. ವಿಳಾಸವನ್ನು ಜೂನ್‌ನಲ್ಲೇ ಬರೆದಿದ್ದೆ. ಆಗ ಒಳಗೆ ಇಟ್ಟಿದ್ದು ವಿಚ್ಛೇದನಕ್ಕೆ ವಕೀಲರು ಬರೆದುಕೊಟ್ಟ ಕಾಗದ. ಸಹಿ ಮಾಡಲು ಕೈ ಬಂದಿರಲಿಲ್ಲ. ಇವತ್ತು ಹರಿದು ಹಾಕಿದೆ. ಮುಂದಿನ ಶನಿವಾರದ ಬಸ್ಸು ಹಿಡಿಯಿರಿ, ಭಾನುವಾರ ಬೆಳಿಗ್ಗೆ ನಾನೂ ಶ್ರದ್ಧಾಳೂ ಸ್ವಾರಗೇಟಿನಲ್ಲಿ ನಿಂತಿರುತ್ತೇವೆ.