ಒಣ ಬಟ್ಟೆಯ ಗೆರೆಗಳು

ಮಾವನವರಿಗೆ ಶರಣು.

ನೀವು ಇದ್ದಾಗ ನಿಮಗೊಂದು ಕಾಗದ ಬರೆದವನಲ್ಲ ನಾನು. ಅಳಿಯ ಮಾವನಿಗೆ ಬರೆಯುವಂಥದ್ದು ಏನಿರುತ್ತದೆ? ಹಬ್ಬಕ್ಕೊಂದು ಫೋನು, ಆರೋಗ್ಯದ ವಿಚಾರಣೆ, ಆಮೇಲೆ ಫೋನನ್ನು ನಿಮ್ಮ ಮಗಳ ಕೈಗೆ ದಾಟಿಸುವುದು. ಈಗ ಬರೆಯುತ್ತಿರುವುದು ಕಾರಿನ ವಿಷಯ. ನಾನು ನಿಮ್ಮ ಮೇಲೆ ಹೊರಿಸಿದ ಒಂದು ಮಾತು ತಪ್ಪೆಂದು ತಿಳಿದುಬಂದಿದೆ. ಅದನ್ನು ಹಿಂದಕ್ಕೆ ಪಡೆಯಬೇಕು. ಯಾರ ಮುಂದೆ ಎನ್ನುವುದಷ್ಟೇ...

ಕಾರು ತಂದ ದಿನ ನೀವು ಅದರ ಸುತ್ತ ಎರಡು ಸುತ್ತು ಬಂದಿರಿ. ಆಗ ನಾವು ಸಂಭಾಜಿನಗರದಲ್ಲಿದ್ದೆವು. ನೀವು ಕೊನೆಯವರೆಗೂ ಔರಂಗಾಬಾದ್ ಎಂದೇ ಕರೆದಿರಿ. ಭಾಲ್ಕಿಯ ಬಟ್ಟೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಮಗಳ ಮನೆಗೆ ಬಂದು ವರ್ಷವಾಗಿತ್ತು ನಿಮಗೆ.

"ಕರೀದು ಯಾಕ ತಗೊಂಡ್ರಿ, ಅಳಿಯಾರ?"

"ಛಂದ ಕಾಣ್ತದರಿ."

"ಧೂಳೂ ಛಂದ ಕಾಣ್ತದ ನೋಡ್ರಿ."

ನಿಮ್ಮ ಮಗಳು ಸುವರ್ಣಾ ನಕ್ಕಳು. ನನಗೆ ನಗು ಬರಲಿಲ್ಲ. ನಲವತ್ತೇಳನೆಯ ವಯಸ್ಸಿನಲ್ಲಿ ಕೊಂಡ ಮೊದಲ ಕಾರು. ಅದರ ಬಗ್ಗೆ ತಮಾಷೆ ಕೇಳುವ ಮನಸ್ಸಿರಲಿಲ್ಲ.

ದಿನವೂ ಬೆಳಿಗ್ಗೆ ನೀವು ಪಾರ್ಕಿಂಗಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತಿದ್ದಿರಿ. ನಾನು ಹಳದಿ ಬಟ್ಟೆ ಹಿಡಿದು ಕೆಳಗಿಳಿಯುತ್ತಿದ್ದೆ. ಶೇಂದ್ರಾದ ಬ್ಯಾಂಕ್ ಶಾಖೆಗೆ ಹೋಗಿಬರುವ ದಾರಿಯಲ್ಲಿ ಟ್ರಕ್ಕುಗಳು ಎಬ್ಬಿಸಿದ ಧೂಳು ರಾತ್ರಿಯಿಡೀ ಕಾರಿನ ಮೇಲೆ ಕೂತಿರುತ್ತಿತ್ತು. ನಳದ ನೀರಿಗೆ ದಿನಗಟ್ಟಲೆ ಕಾಯುವ ಊರು ಅದು. ತೊಳೆಯುವುದು ಭಾನುವಾರ ಮಾತ್ರ, ಅದೂ ಒಂದೇ ಬಕೆಟ್ಟಿನಲ್ಲಿ. ಉಳಿದ ದಿನ ಒಣ ಬಟ್ಟೆ. ಒತ್ತಿ, ದುಂಡಗೆ ತಿರುಗಿಸಿ, ನನ್ನ ಮುಖ ಕಾಣುವವರೆಗೂ ಉಜ್ಜುತ್ತಿದ್ದೆ. ಸೋಮವಾರಗಳಲ್ಲಿ ನೀವು ಸ್ನಾನ ಮುಗಿಸಿ, ವಿಭೂತಿಯನ್ನು ನೀರಿನಲ್ಲಿ ತೇಯ್ದು, ಬಾನೆಟ್ಟಿನ ನಟ್ಟನಡುವೆ ಮೂರು ಬೆರಳು ಎಳೆದಿರುತ್ತಿದ್ದಿರಿ. ನಾನು ಇಳಿಯುವಷ್ಟರಲ್ಲಿ ಅದು ಒಣಗಿ ಬೆಳ್ಳಗಾಗಿರುತ್ತಿತ್ತು. ಅದನ್ನೂ ಒರೆಸಿಯೇ ಬ್ಯಾಂಕಿಗೆ ಹೊರಡುತ್ತಿದ್ದೆ, ನಿಮ್ಮ ಕಣ್ಣೆದುರೇ. ಮುಂದಿನ ಸೋಮವಾರ ಮತ್ತೆ ಹಚ್ಚಿದಿರಿ. ಅದು ಹಟವಾಗಿತ್ತೆ, ಅಭ್ಯಾಸವಾಗಿತ್ತೆ? ಕೇಳಬಹುದಿತ್ತು.

ಬೇಸಿಗೆಯ ಒಂದು ಸೋಮವಾರ ಬಿಸಿಲು ಓರೆಯಾಗಿ ಪಾರ್ಕಿಂಗಿನೊಳಗೆ ಬಿತ್ತು. ಬಾನೆಟ್ಟಿನ ತುಂಬ ಜೇಡರ ಬಲೆಯಂತೆ ಸಣ್ಣ ಸಣ್ಣ ಗೆರೆಗಳು, ಒಂದರೊಳಗೊಂದು ಸುತ್ತಿಕೊಂಡು. ಕೆಳಮನೆಯ ಕದಮ್ ಕಾಕಾ ಪಕ್ಕದಲ್ಲೇ ಸ್ಕೂಟರ್ ಒದೆಯುತ್ತಿದ್ದರು. ಅವರ ಹೆಂಡತಿ ಬಾಗಿಲಲ್ಲಿದ್ದರು. ಅವರೆದುರಿಗೇ, ಅವರಿಗೂ ತಿಳಿಯಲೆಂದು ಹಿಂದಿಯಲ್ಲೇ ಅಂದೆ: ಇದೆಲ್ಲ ನಿಮ್ಮ ಬೂದಿಯ ಕೆಲಸ, ಹೊಸ ಗಾಡಿ ಹಾಳಾಯಿತು. ವಿಭೂತಿಯನ್ನು ನಿಮ್ಮ ಮನೆಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲೂ ಕರೆಯುವುದಿಲ್ಲ.

"ಹೌದೇನ್ರಿ?" ಅಂದಿರಿ ನೀವು. ಅಷ್ಟೇ.

ಮುಂದಿನ ಸೋಮವಾರ ಬಾನೆಟ್ ಖಾಲಿಯಿತ್ತು. ವೇರೂಳಿನ ಶಿವನ ಗುಡಿಗೆ ಕಾರಿನಲ್ಲಿ ಬರುತ್ತಿದ್ದವರು ಬಸ್ಸಿಗೆ ಹೋಗತೊಡಗಿದಿರಿ. ಒಮ್ಮೆ ನಾನೇ ಕರೆದೆ, ಬರ್ರಿ, ಬಿಟ್ಟು ಬರ್ತೀನಿ ಎಂದು. "ಬ್ಯಾಡ್ರಿ, ಬಸ್ಸಿನ್ಯಾಗ ಕಿಟಕಿ ಸಿಗ್ತದ" ಅಂದಿರಿ. ಕಾರಿಗೂ ಕಿಟಕಿ ಇದೆಯಲ್ಲ ಎಂದು ನಾನು ಹೇಳಲಿಲ್ಲ. ಆ ವರ್ಷವೇ ತಮ್ಮನ ಮೊಮ್ಮಗಳ ಮದುವೆಗೆಂದು ಭಾಲ್ಕಿಗೆ ಹೋದಿರಿ. ಅಲ್ಲಿಂದ ನಿಮ್ಮ ಸಾವಿನ ಸುದ್ದಿಯೇ ಬಂತು.

ನಾಶಿಕಕ್ಕೆ ವರ್ಗವಾದ ಮೇಲೆ, ಈಚೆಗೆ, ಕಾರಿನ ಬಣ್ಣ ತೋರಿಸಲೆಂದು ವಿಲಾಸ್ ಎಂಬುವನ ಶೆಡ್ಡಿಗೆ ಹೋದೆ. ಕಾರಿನ ಮೈ ಪಾಲಿಶ್ ಮಾಡುವುದೇ ಅವನ ಕಸುಬು. ಕಡಿಮೆ ಮಾತಿನ ಮನುಷ್ಯ. ಟಾರ್ಚನ್ನು ಬಾನೆಟ್ಟಿಗೆ ಅಡ್ಡಲಾಗಿ ಹಿಡಿದು ನೋಡುತ್ತಿದ್ದ. ಮಾವನವರು ವಾರವಾರ ವಿಭೂತಿ ಹಚ್ಚುತ್ತಿದ್ದರು, ಅದರಿಂದ ಹೀಗಾಯಿತು ಎಂದೆ. ಅಷ್ಟು ವರ್ಷದ ಮೇಲೂ ಆ ಮಾತು ಎಷ್ಟು ಸಲೀಸಾಗಿ ಬಂತು. ಅವನು ಟಾರ್ಚು ಹಿಡಿದುಕೊಂಡೇ ಬಾಗಿಲುಗಳ ಮೇಲೆ, ಚಾವಣಿಯ ಮೇಲೆ, ಹಿಂದಿನ ಡಿಕ್ಕಿಯ ಮೇಲೆ ಬೆಳಕು ಹಾಯಿಸಿದ. ಎಲ್ಲ ಕಡೆ ಅದೇ ಗೆರೆಗಳು, ಅದೇ ಸುತ್ತು.

"ಸಾಹೇಬ್, ಡಿಕ್ಕಿ ಪೆ ಭೀ ಸಸುರಜೀ ಲಗಾತೆ ಥೆ ಕ್ಯಾ?"

ಡಿಕ್ಕಿಗೂ ಮಾವನವರೇ ಹಚ್ಚುತ್ತಿದ್ದರೇ ಎಂದು ಅವನ ಪ್ರಶ್ನೆ. ಡಿಕ್ಕಿಯ ಮೇಲೆ ನೀವು ಎಂದೂ ಕೈಯಿಟ್ಟವರಲ್ಲ. ಒಣ ಬಟ್ಟೆಯಿಂದ ಒರೆಸುತ್ತೀರಾ ಎಂದು ಕೇಳಿದ. ದಿನಾಲೂ ಎಂದೆ. ಅವನು ಟಾರ್ಚು ಆರಿಸಿದ. ಧೂಳೆಂದರೆ ಪುಡಿಯಾದ ಕಲ್ಲು ಸಾಹೇಬ್, ನೀವು ದಿನಾ ಕಲ್ಲಿನಿಂದ ಉಜ್ಜಿದ್ದೀರಿ ಎಂದ. ವಿಭೂತಿಯ ಮಾತೇನು ಎಂದು ಕೇಳಿದೆ. ಅದೂ ಅಷ್ಟೇ: ಹಚ್ಚಿದರೆ ಏನೂ ಇಲ್ಲ, ನೀರು ಹಾಕಿದರೆ ಹರಿದುಹೋಗುತ್ತದೆ, ಒಣಗಿಸಿ ತಿಕ್ಕಿದರೆ ಯಾವುದಾದರೂ ಗೆರೆ ಬೀಳಿಸುತ್ತದೆ ಎಂದ.

ಈಗ ಬೆಳಿಗ್ಗೆ ಕೆಳಗಿಳಿದರೆ ನಾನು ಮೊದಲು ಸುಮ್ಮನೆ ನೋಡುತ್ತೇನೆ. ಧೂಳು ದಪ್ಪಗಿದ್ದರೆ ಮುಟ್ಟುವುದಿಲ್ಲ; ತೊಳೆಯುವ ದಿನದವರೆಗೆ ಹಾಗೇ ಓಡಿಸುತ್ತೇನೆ. ತೆಳ್ಳಗಿದ್ದರೆ ವಿಲಾಸ್ ಕೊಟ್ಟ ದ್ರಾವಣವನ್ನು ಮೈ ತೋಯುವಂತೆ ಸಿಂಪಡಿಸಿ ಸ್ವಲ್ಪ ಹೊತ್ತು ಬಿಡುತ್ತೇನೆ, ಧೂಳು ಸಡಿಲಾಗಲೆಂದು. ಜೂಲು ಜೂಲಾದ ಮೆತ್ತನೆಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಭಾರ ಹಾಕದೆ, ನೇರವಾಗಿ ಒಂದೇ ಸಲ ಎಳೆದು, ಮಗ್ಗುಲು ಬದಲಿಸುತ್ತೇನೆ. ಚಾವಣಿ ಮೊದಲು; ಚಕ್ರದ ಹತ್ತಿರ, ಮರಳು ಸಿಡಿಯುವಲ್ಲಿ, ಆ ಬಟ್ಟೆ ಇಳಿಯುವುದಿಲ್ಲ. ಹಕ್ಕಿಯ ಹಿಕ್ಕೆ ಬಿದ್ದಿದ್ದರೆ ಅದರ ಮೇಲೆ ಒದ್ದೆ ಬಟ್ಟೆ ಹಾಕಿ ಮೆತ್ತಗಾಗುವವರೆಗೆ ಕಾಯುತ್ತೇನೆ. ಬಟ್ಟೆ ನೆಲಕ್ಕೆ ಬಿದ್ದರೆ ಅವತ್ತಿಗೆ ಕೆಲಸ ಮುಗಿಯಿತು. ಇದರಲ್ಲಿ ಹೆಚ್ಚಿನದು ಕೈ ತಡೆದುಕೊಳ್ಳುವುದೇ. ನಿಮ್ಮ ಅಂಗಡಿಯಲ್ಲಿ ರೇಷ್ಮೆ ಸೀರೆಯ ಮೇಲೆ ಧೂಳು ಕೂತರೆ ಏನು ಮಾಡುತ್ತಿದ್ದಿರಿ? ಇದನ್ನೂ ಕೇಳಬಹುದಿತ್ತು.

ಪಾಲಿಶ್ ಮುಗಿದು ಕಾರು ಮನೆಗೆ ಬಂದ ಸಂಜೆ ಸುವರ್ಣಾಳಿಗೆ ಎಲ್ಲ ಹೇಳಿದೆ. ಗೆರೆಗಳನ್ನು ನೆನಪಿಗೆಂದು ಉಳಿಸಿಕೊಳ್ಳುವ ಮನುಷ್ಯ ನಾನಲ್ಲ. ಅವು ನಿಮ್ಮವೂ ಆಗಿರಲಿಲ್ಲ. ಅವಳು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನನಗ ಯಾಕ ಹೇಳ್ಲತ್ತೀರಿ? ನಾ ಏನರೆ ಅಂದಿದ್ದೆನು?"

"ಮತ್ತ ಯಾರಿಗಿ ಹೇಳ್ಲಿ?"

"ಕದಮ್ ಕಾಕಾನ ಮುಂದ ಅಂದೀರಿ. ಅವರ ಮುಂದೇ ಹೇಳ್ರಿ. ಫೋನಿನ್ಯಾಗ ಬ್ಯಾಡ."

ಹೋದ ಭಾನುವಾರ ಇಬ್ಬರೂ ಸಂಭಾಜಿನಗರಕ್ಕೆ ಹೋದೆವು. ಕಾಕಾ ಸಂತೋಷಪಟ್ಟರು, ಅವಲಕ್ಕಿಯ ಪೋಹೆ ತರಿಸಿದರು. ನಾನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ವಾಕ್ಯಗಳನ್ನು ಒಂದೊಂದಾಗಿ ಹೇಳಿದೆ. ಅವರು ತಟ್ಟೆ ಹಿಡಿದುಕೊಂಡೇ ನನ್ನನ್ನು ನೋಡಿದರು. "ಯಾವ ಬೂದಿ? ಯಾವ ಬಾನೆಟ್? ಮ್ಯಾನೇಜರ್ ಸಾಹೇಬ್, ಇದಕ್ಕೆ ನಾಶಿಕದಿಂದ ಬಂದಿರಾ?" ಎಂದು ನಕ್ಕರು. ಅವರಿಗೆ ಏನೂ ನೆನಪಿರಲಿಲ್ಲ. ನನಗೆ ಹಗುರವೆನಿಸಿತು, ಅದನ್ನು ಮುಚ್ಚಿಡುವುದಿಲ್ಲ. ಸಾಕ್ಷಿಯೇ ಮರೆತ ಮೇಲೆ ಇನ್ನೇನು...

"ನನಗೆ ನೆನಪಿದೆ" ಎಂದು ಅವರ ಹೆಂಡತಿ, ಕಾಕೂ, ಒಳಗಿನಿಂದ ಮರಾಠಿಯಲ್ಲಿ ಅಂದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ನನಗಲ್ಲ, ಸುವರ್ಣಾಳಿಗೆ ಹೇಳಿದರು. ಆ ದಿನ ನಾನು ಬ್ಯಾಂಕಿಗೆ ಹೋದ ಮೇಲೆ ನೀವು ಅವರ ಬಾಗಿಲಿಗೆ ಬಂದಿರಂತೆ. ಕೈ ತೊಳೆಯಲು ನೀರು ಕೇಳಿದಿರಂತೆ. ತೊಳೆದುಕೊಂಡು, ಹೋಗದೆ ನಿಂತು, "ತಾಯೀ, ರಾಖೇನೆ ಲೋಖಂಡ್ ಖರಾಬ್ ಹೋತಂ ಕಾ?" ಅಂದಿರಂತೆ. ಬೂದಿಯಿಂದ ಕಬ್ಬಿಣ ಕೆಡುತ್ತದೆಯೇ? ಕಾಕೂಗೆ ಗೊತ್ತಿರಲಿಲ್ಲ. ಕೆಡಬಹುದೇನೋ, ಯಾರಿಗೆ ಗೊತ್ತು ಎಂದರಂತೆ. ನೀವು ತಲೆಯಾಡಿಸಿ ಮೆಟ್ಟಿಲು ಹತ್ತಿದಿರಂತೆ.

ಸುವರ್ಣಾ ಎದ್ದು ಬಾಗಿಲ ಹೊರಗೆ ಹೋದಳು. ಇಷ್ಟು ದಿನ ನಾನು ಅಂದುಕೊಂಡಿದ್ದೆ, ನಿಮಗೆ ನಿಜ ಗೊತ್ತಿತ್ತು, ಅಳಿಯನೆಂದು ಸುಮ್ಮನಿದ್ದಿರಿ ಎಂದು. ನಿಮ್ಮ ಮೌನಕ್ಕೆ ನಾನು ಕೊಟ್ಟುಕೊಂಡ ಅರ್ಥ ಅದು, ನನಗೆ ಅನುಕೂಲವಾದ ಅರ್ಥ. ನೀವು ನನ್ನ ಮಾತನ್ನು ನಂಬಿದ್ದಿರಿ.

ಮಾವನವರೇ, ಕೆಡುವುದಿಲ್ಲ. ಕಬ್ಬಿಣವೂ ಕೆಡುವುದಿಲ್ಲ, ಅದರ ಮೇಲಿನ ಬಣ್ಣವೂ ಕೆಡುವುದಿಲ್ಲ. ಕೇಳಿ ತಿಳಿದುಕೊಂಡು, ಕಣ್ಣಿನಿಂದ ನೋಡಿ ಹೇಳುತ್ತಿದ್ದೇನೆ. ನಿಮ್ಮ ಬೆರಳುಗಳಿಂದ ನಮ್ಮ ಗಾಡಿಗೆ ಏನೂ ಆಗಿರಲಿಲ್ಲ.

ನಿಮ್ಮ ಅಳಿಯ